ಸವೆಯದ್ದೋ, ಸವೆಸದ್ದೋ?

ಪುಣೆಯ ಹಲ್ಲಿನ ದವಾಖಾನೆಯೊಂದಕ್ಕೆ ಕನ್ನಡ ಕರಪತ್ರ ಬರೆದುಕೊಡುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಅಲ್ಲಿ ಹೆಚ್ಚು. ಹಲ್ಲಿಗೆ ತುಂಬುವ, ಕ್ಯಾಪು ಮಾಡುವ ವಸ್ತುಗಳ ‘ವೇರ್ ರೆಸಿಸ್ಟೆನ್ಸ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ‘ಸವೆತ ನಿರೋಧಕತೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು, ಆದರೆ ಅದು ಅರ್ಧ ಮಾತು.

ನನ್ನ ಬಾಯನ್ನೇ ನೋಡಿ. ಮೇಲಿನ ದವಡೆಹಲ್ಲಿಗೆ ಹನ್ನೆರಡು ವರ್ಷದ ಹಿಂದೆ ಹಾಕಿಸಿದ ಪಿಂಗಾಣಿ ಕ್ಯಾಪು ಈಗಲೂ ಹೊಚ್ಚಹೊಸದು. ಅದಕ್ಕೆ ಎದುರಾಗುವ ಕೆಳಹಲ್ಲು ಮಾತ್ರ ಒರಳಿನಂತೆ ಕುಳಿಬಿದ್ದು, ನಡುವೆ ಒಳಪದರದ ಹಳದಿ ಇಣುಕುತ್ತಿದೆ. ಡಾಕ್ಟರು ಕನ್ನಡಿ ಹಿಡಿದು ‘ಝೀಜ್’, ಅಂದರೆ ಸವೆತ, ಎಂದರು; ಮರಾಠಿಯಲ್ಲಿ ಅಷ್ಟೇ ಸಾಕು. ಹೊರಗೆ ಕಾಯುತ್ತಿದ್ದ ಇಂಡಿ ಕಡೆಯ ಅಜ್ಜಿಗೆ ಹೇಳಿದರೆ, ‘ಕಲ್ಲ ಸವದಿಲ್ಲ ಬಿಡಪಾ, ಗಂಧ ತೇದೈತಿ’ ಅಂದರು!

ನನಗೆ ಬೇಕಾದ ಭೇದ ಅದೇ. ತಾನು ಸವೆಯುವುದು ಒಂದು, ಎದುರಿನದನ್ನು ತೇಯುವುದು ಇನ್ನೊಂದು. ಗಟ್ಟಿಯಾದದ್ದೆಲ್ಲ ತೇಯುತ್ತದೆ ಎಂದೂ ಅಲ್ಲ. ಈಗಿನ ಕ್ಯಾಪುಗಳಿಗೆ ಬಳಸುವ ಜಿರ್ಕೋನಿಯಾ, ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಎಷ್ಟೋ ಗಟ್ಟಿ, ಆದರೂ ಚೆನ್ನಾಗಿ ನಯಮಾಡಿದ್ದರೆ ಹಳೇ ನಮೂನೆಯ ಪಿಂಗಾಣಿಗಿಂತ ಎದುರುಹಲ್ಲಿಗೆ ಮೆತ್ತಗೆ. ಕಚ್ಚು ಸರಿಹೋಗಲೆಂದು ಉಜ್ಜಿ, ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ ಅದೇ ಅರದಂತೆ ಕೆಲಸ ಮಾಡುತ್ತದೆ. ರಾಳದಲ್ಲಿ ಗಾಜಿನ ಕಣ ಬೆರೆಸಿ ಹಲ್ಲಿಗೆ ತುಂಬುವ ಕಾಂಪೋಸಿಟ್‌ನದು ತಿರುಗಾಮುರುಗಾ: ಅದರ ರಾಳ ಮೊದಲು ಸವೆದು, ಗಾಜಿನ ಕಣಗಳು ಎದ್ದು ನಿಂತು ಉದುರುತ್ತವೆ. ಚಿನ್ನ ಹೆಚ್ಚುಕಡಿಮೆ ಎನಾಮಲ್‌ ಜೊತೆಜೊತೆಗೇ ಸವೆಯುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ ಆದ ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಎರಡನೆಯ ಗುಣವನ್ನೇ ರೋಗಿ ಮೊದಲು ಕೇಳಬೇಕು.

‘ಸವೆಯದ’, ‘ಸವೆಸದ’ ಎಂದು ಬರೆದು ನೋಡಿದೆ. ಒಂದೇ ಅಕ್ಷರದ ವ್ಯತ್ಯಾಸ, ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ಮೊದಲನೆಯದಕ್ಕೆ ‘ಬಾಳಿಕೆ’, ಎರಡನೆಯದಕ್ಕೆ ‘ತೇಯುವ ಗುಣ’ ಎಂದಿಟ್ಟಿದ್ದೇನೆ. ಆದರೆ ಬಾಳಿಕೆಯಲ್ಲಿ ಒಡೆಯದಿರುವುದೂ ಸೇರಿಬಿಡುತ್ತದಲ್ಲ?

ಇನ್ನೊಂದು. ಹುಳಿಯಿಂದ ಎನಾಮಲ್ ಕರಗುವುದನ್ನು ಹಲ್ಲುಹಲ್ಲು ಉಜ್ಜುವ ಸವೆತದಿಂದ ಬೇರೆ ಮಾಡಬೇಕು. ‘ಸವಕಳಿ’ ಮಣ್ಣಿಗೂ ಲೆಕ್ಕಪತ್ರಕ್ಕೂ ಹೋಗಿದೆ. ಕಡಲಿನ ‘ಕೊರೆತ’ವನ್ನು ಬಾಯಿಗೆ ತಂದರೆ ಹಲ್ಲು ಕೊರೆಯುವ ಯಂತ್ರ ನೆನಪಾದೀತು. ತುಂಬುವ, ಹೊದಿಸುವ ವಸ್ತುಗಳಿಗೆ ಬರೆದಿದ್ದ ‘ಪುನಃಸ್ಥಾಪನ ಸಾಮಗ್ರಿ’ಯನ್ನಂತೂ ಹೊಡೆದುಹಾಕಿದ್ದೇನೆ, ದೇವರ ವಿಗ್ರಹ ಕೂರಿಸಿದಂತಿತ್ತು.

ನಿಮ್ಮ ಕಡೆ ಹುಣಸೆಹಣ್ಣು ತಿಂದು ಹಲ್ಲು ಚುಳ್ಳೆಂದಾಗ ಏನನ್ನುತ್ತೀರಿ? ‘ಹಲ್ಲು ಚಳಿತು’ ಎಂಬುದು ನೋವಿಗಷ್ಟೇ ನಿಲ್ಲುತ್ತದೋ, ಹಲ್ಲು ಕರಗುವುದಕ್ಕೂ ಸಲ್ಲುತ್ತದೋ?