ಬೋಟಿನ ಡೀಸೆಲ್ ಮೀಟರ್ ತೊಂದರೆ: ಬೋಟ್ ವಯರಿಂಗ್‌ನವರ ಹತ್ತಿರ ಕೇಳಿ

ಮಲ್ಪೆಯ ಸದಸ್ಯ: ಅಣ್ಣ, ಮಳೆಗಾಲದ ರಜೆ ಮುಗಿಸಿ ಬೋಟ್ ಇಳಿಸಿದೆವು. ಮೀಟರ್ ಮುಳ್ಳು ಅರ್ಧಕ್ಕೇ ನಿಂತಿದೆ.

ವಯರಿಂಗ್: ಜೂನ್ 1ರಿಂದ ಜುಲೈ 31, 61 ದಿನ ನಿಂತ ಬೋಟ್. ಮೊದಲು ಅರ್ತ್ ವಯರಿನ ತುದಿ ನೋಡಿ, ಹಸಿರು ಹಿಡಿದಿದ್ದರೆ ಉಜ್ಜಿ. ಆಮೇಲೆ ಟ್ಯಾಂಕಿಯ ಸೆಂಡರ್, ಅಂದರೆ ಡೀಸೆಲ್ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸುವ ಭಾಗ ಬಿಚ್ಚಿ, ಅದರ ಫ್ಲೋಟ್ (ಡೀಸೆಲ್ ಮೇಲೆ ತೇಲುವ ತುಂಡು) ಕೈಯಲ್ಲಿ ಎತ್ತಿ ಇಳಿಸಿ. ಹಿಡಿದುಕೊಂಡಿರುತ್ತದೆ.

ಗಂಗೊಳ್ಳಿಯ ಸದಸ್ಯ: ನಾನು ಹೊಸ ಮೀಟರ್ ಹಾಕಿಸಿದೆ. ಟ್ಯಾಂಕಿ ತುಂಬಿಸಿದರೆ ಮುಳ್ಳು ಕೆಳಗೆ. ಓಡಿಸ್ತಾ ಹೋದ ಹಾಗೆ ಮೇಲೇರುತ್ತದೆ. ವಯರ್ ಉಲ್ಟಾ ಆಯ್ತಾ?

ವಯರಿಂಗ್: ವಯರ್ ಅಲ್ಲ ಮಾರಾಯ್ರೆ. ನನಗೆ ಹೆದರಿಕೆ ಆಗೋದು ಇಂಥದಕ್ಕೇ. ಸೆಂಡರ್‌ಗಳಲ್ಲಿ ಮುಖ್ಯವಾಗಿ ಎರಡು ಅಳತೆ ಬರುತ್ತವೆ. ಅಮೆರಿಕದ್ದು ಖಾಲಿಗೆ 240 ಓಮ್ (ಕರೆಂಟಿಗೆ ಎಷ್ಟು ತಡೆ ಅನ್ನೋ ಅಳತೆ), ಫುಲ್‌ಗೆ 33. ಯುರೋಪಿನದು ಖಾಲಿಗೆ 10, ಫುಲ್‌ಗೆ 180. ನಿಮ್ಮ ಹಳೆ ಸೆಂಡರ್ ಯುರೋಪಿನದು, ಹೊಸ ಮೀಟರ್ ಅಮೆರಿಕದ್ದು ಇರಬೇಕು. ಡೀಸೆಲ್ ಮುಗಿಯುತ್ತಾ ಬಂದ ಹಾಗೆ ಅದು ಫುಲ್ ತೋರಿಸುತ್ತದೆ! ಅದನ್ನು ನಂಬಿ ಬಲೆ ಬಿಟ್ಟಿರುತ್ತೀರಿ, ಇಂಜಿನ್ ನಿಲ್ಲುತ್ತದೆ. ಅಲೆಯಲ್ಲಿ ಅಲ್ಲಾಡುತ್ತಾ ಡೀಸೆಲ್ ಪೈಪಿಗೆ ಸೇರಿದ ಏರ್ ತೆಗೆಯೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಸೆಂಡರ್‌ನ ವಯರ್ ಕಳಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಸೆಂಡರ್‌ನಲ್ಲಿ ಆ ವಯರ್ ಕೂಡಿಸಿದ್ದ ಕಂಬಿಗೂ ಅರ್ತ್‌ಗೂ ನಡುವೆ ಅಳೆಯಿರಿ. ಫ್ಲೋಟ್ ಕೆಳಗಿದ್ದಾಗ ಎಷ್ಟು, ಮೇಲಿದ್ದಾಗ ಎಷ್ಟು, ಇಲ್ಲೇ ಹಾಕಿ. ಅಲ್ಲಿವರೆಗೆ ಟ್ಯಾಂಕಿಗೆ ಕಡ್ಡಿ ಇಳಿಸಿ ಡೀಸೆಲ್ ನೋಡದೆ ಹೊರಡಬೇಡಿ.

ಹೊನ್ನಾವರದ ಸದಸ್ಯ: ಕಡ್ಡಿಯೇ ಸಾಕು. ನಮ್ಮಪ್ಪ ಮೀಟರ್ ಮುಖ ನೋಡಿದವರಲ್ಲ.

ಭಟ್ಕಳದ ಸದಸ್ಯ: ಅಲೆ ಮೇಲೆ ಕಡ್ಡಿ ಇಳಿಸಿ ನೋಡಿದ್ದೀರಾ? ಒಮ್ಮೆ ಕಾಲು, ಒಮ್ಮೆ ಮುಕ್ಕಾಲು.

ಹೊನ್ನಾವರ: ಮುಳ್ಳೂ ಕುಣಿಯುತ್ತದೆ ಅಲ್ವಾ? ದಕ್ಕೆಯಲ್ಲೇ (ಬೋಟ್ ಕಟ್ಟುವ ಜಾಗದಲ್ಲೇ) ನೋಡಿ ಹೊರಡಬೇಕು.

ಭಟ್ಕಳ: ವಾಪಸ್ ಬರುವಾಗ ಏನು ನೋಡ್ತೀರಿ? ಸುಮ್ನೆ ವಾದ ಬೇಡ.

ಕಾರವಾರದ ಸದಸ್ಯ: ಯಾವ ಕಂಪನಿ ಮೀಟರ್ ಒಳ್ಳೆಯದು?

ಮತ್ತೊಬ್ಬರು: ಫಾರ್ವರ್ಡ್ ಬಂದಿದೆ, ಸೆಂಡರ್‌ಗೆ ಬ್ಯಾಟರಿ ಪ್ಲಸ್ ಮುಟ್ಟಿಸಿದರೆ ಮುಳ್ಳು ಬಿಡುತ್ತದಂತೆ.

ವಯರಿಂಗ್: ಇದನ್ನು ಈಗಲೇ ಅಳಿಸಿ. ಸೆಂಡರ್ ಒಳಗಿನ ಕೂದಲಿನಂಥ ತಂತಿ ಸುಟ್ಟುಹೋಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಯಾರಾದರೂ ಹೀಗೆ ಮಾಡಿದರೆ ಒಂದು ಕಿಡಿ ಸಾಕು, ಜನ ಸಾಯ್ತಾರೆ. ಕಳಿಸುವ ಮೊದಲು ಒಂದು ಮಾತು ಕೇಳಬಾರದಾ?

ಮಲ್ಪೆಯ ಇನ್ನೊಬ್ಬರು: ಅಣ್ಣ, ನಮ್ಮದೂ ಅರ್ಧಕ್ಕೇ ನಿಂತಿದೆ.

ವಯರಿಂಗ್: ಮೇಲೆ ಬರೆದಿದ್ದೇನೆ.

ಗಂಗೊಳ್ಳಿ: ಅಳೆದೆ. ಕೆಳಗೆ 11, ಮೇಲೆ 178.

ವಯರಿಂಗ್: ಯುರೋಪಿನದೇ. ಮೀಟರ್ ವಾಪಸ್ ಕೊಡಿ, 10–180 ಅಂತ ಕೇಳಿ ತನ್ನಿ. ಇವತ್ತು ಕಡಲಿಗೆ ಹೋಗ್ತಿಲ್ಲ ತಾನೆ?

ಹೊನ್ನಾವರ: ನಾನು ಹೇಳಿದ್ದೂ ಅದನ್ನೇ, ಕಡ್ಡಿ!

ವಯರಿಂಗ್: ಗಂಗೊಳ್ಳಿಯವರು ಉತ್ತರ ಕೊಡಲಿ, ಬೇರೆಯವರು ಸ್ವಲ್ಪ ಸುಮ್ಮನಿರಿ.

ಗಂಗೊಳ್ಳಿ: ಇಲ್ಲಣ್ಣ, ದಕ್ಕೆಯಲ್ಲೇ ಇದ್ದೇವೆ.