ಮ್ಯಾಟ್‌ಲ್ಯಾಬ್‌ನಿಂದ ನಂಪೈಗೆ: ಒಂದು ಕಳೆದರೆ ಮುಗಿಯಿತೇ?

ಪ್ರಶ್ನೆ: ಪ್ರಯೋಗಾಲಯದಲ್ಲಿ ಮ್ಯಾಟ್‌ಲ್ಯಾಬ್ ಎಂಬ ಗಣನೆಯ ಭಾಷೆಯಲ್ಲಿ ಬರೆದ ಹಳೆಯ ಕೋಡನ್ನು ಪೈಥಾನ್ ಭಾಷೆಯ ಅಂಕಿಲೆಕ್ಕದ ಲೈಬ್ರರಿಯಾದ ನಂಪೈಗೆ ತರುತ್ತಿದ್ದೇನೆ. ಮ್ಯಾಟ್‌ಲ್ಯಾಬ್ ಎಣಿಕೆ ಒಂದರಿಂದ, ನಂಪೈ ಎಣಿಕೆ ಸೊನ್ನೆಯಿಂದ ಎಂದು ಇಂಡೆಕ್ಸ್ (ಪಟ್ಟಿಯಲ್ಲಿ ಅಂಶದ ಸ್ಥಾನ ಹೇಳುವ ಅಂಕಿ) ಕಂಡಲ್ಲೆಲ್ಲ ಒಂದು ಕಳೆದೆ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಓಡುತ್ತದೆ, ಉತ್ತರ ಮಾತ್ರ ತಾಳೆಯಾಗುತ್ತಿಲ್ಲ. ಈ ಕೆಲಸ ಮಾಡಿದವರು ಎಲ್ಲಿ ಎಡವಿದಿರಿ, ದಯವಿಟ್ಟು ಹೇಳಿ.

ಉತ್ತರ 1: ಕಂಡಲ್ಲೆಲ್ಲ ಕಳೆದದ್ದೇ ತಪ್ಪು. ಮ್ಯಾಟ್‌ಲ್ಯಾಬ್‌ನ ಎ(2:5) ಎಂದರೆ ಎ ಎಂಬ ಪಟ್ಟಿಯ ಎರಡನೆಯದರಿಂದ ಐದನೆಯದೂ ಸೇರಿ ನಾಲ್ಕು ಅಂಶ. ನಂಪೈಯಲ್ಲಿ ಅದು ಎ[1:5]. ಅಲ್ಲಿ ಕೊನೆಯ ಅಂಕಿ ಲೆಕ್ಕಕ್ಕಿಲ್ಲವಾದ್ದರಿಂದ ಅದನ್ನು ಮುಟ್ಟಬಾರದು. ನೀವು ಎ[1:4] ಎಂದು ಬರೆದ ಕಡೆಯೆಲ್ಲ ಒಂದೊಂದು ಅಂಶ ಸದ್ದಿಲ್ಲದೆ ಉದುರಿರುತ್ತದೆ.

ನನ್ನನ್ನು ಮೂರು ದಿನ ಕಾಡಿದ್ದು ಬೇರೆಯದೇ. ಎಕ್ಸ್(ಐ) - ಎಕ್ಸ್(ಐ-1) ಎಂದು ಪ್ರತಿ ಅಂಶದಿಂದ ಅದರ ಹಿಂದಿನದನ್ನು ಕಳೆಯುತ್ತ ಹೋಗುವ ಲೂಪ್. ಮೂಲದಲ್ಲಿ ಐ ಎರಡರಿಂದ ಶುರು. ನಾನು ಒಂದರಿಂದ ಶುರುಮಾಡುವ ಬದಲು ಅವಸರದಲ್ಲಿ ಸೊನ್ನೆಯಿಂದ ಓಡಿಸಿದ್ದೆ. ಮ್ಯಾಟ್‌ಲ್ಯಾಬ್ ಆಗಿದ್ದರೆ ಅಲ್ಲೇ ದೋಷ ತೋರಿಸಿ ನಿಲ್ಲುತ್ತಿತ್ತು. ನಂಪೈಯಲ್ಲಿ ಎಕ್ಸ್[-1] ಎಂದರೆ ಕೊನೆಯ ಅಂಶ! ಅದನ್ನೇ ಮೊದಲನೆಯದರಿಂದ ಕಳೆದು ಕೊಟ್ಟಿತು. ನಕ್ಷೆಯ ಎಡತುದಿಯಲ್ಲಿ ಮೊಳೆಯಂತೆ ಎದ್ದಿದ್ದ ಗೆರೆಯನ್ನು ನಾನು ಉಪಕರಣದ ಗದ್ದಲವೆಂದು ಸಮಾಧಾನ ಮಾಡಿಕೊಂಡಿದ್ದೆ.

ಉತ್ತರ 2: ಮೇಲಿನವರು ಹೇಳಿದ್ದರ ಜೊತೆಗೆ, ಅಂಕಿಗಳನ್ನು ಹೊಸ ಆಕಾರಕ್ಕೆ ಜೋಡಿಸುವ ರೀಶೇಪ್ ಫಂಕ್ಷನ್ ನೋಡಿ. 1ರಿಂದ 6ರವರೆಗಿನ ಅಂಕಿಗಳನ್ನು ಎರಡು ಅಡ್ಡಸಾಲು, ಮೂರು ಕಂಬಸಾಲಿಗೆ ಜೋಡಿಸಿದರೆ ಮ್ಯಾಟ್‌ಲ್ಯಾಬ್‌ನ ಮೊದಲ ಅಡ್ಡಸಾಲು 1 3 5, ನಂಪೈಯದು 1 2 3. ಮ್ಯಾಟ್‌ಲ್ಯಾಬ್ ಕಂಬಸಾಲು ತುಂಬಿಸಿ ಮುಂದೆ ಹೋಗುತ್ತದೆ, ನಂಪೈ ಅಡ್ಡಸಾಲು. ಆರ್ಡರ್ ಎಂಬಲ್ಲಿ 'ಎಫ್' ಕೊಟ್ಟರೆ ನಂಪೈಯೂ ಕಂಬಸಾಲಿನ ದಾರಿಗೆ ಬರುತ್ತದೆ. ಎಫ್ ಎಂದರೆ ಫೋರ್ಟ್ರಾನ್ ಎಂಬ ಹಳೆಯ ಭಾಷೆ, ಆ ಪದ್ಧತಿ ಅಲ್ಲಿಯದು.

ಪರೀಕ್ಷೆಗೆ ಅಡ್ಡಸಾಲು, ಕಂಬಸಾಲು ಸಮವಿರುವ ಚೌಕ ಮ್ಯಾಟ್ರಿಕ್ಸ್ ಮಾತ್ರ ಬೇಡ. ಅಡ್ಡ ಉದ್ದ ಅದಲುಬದಲಾದರೂ ಅದು ಬಾಯಿಬಿಡುವುದಿಲ್ಲ.

ಉತ್ತರ 3: ಎ([1 3],[1 3]) ಎಂದರೆ ಮ್ಯಾಟ್‌ಲ್ಯಾಬ್ 1, 3ನೇ ಅಡ್ಡಸಾಲುಗಳು 1, 3ನೇ ಕಂಬಸಾಲುಗಳನ್ನು ಸಂಧಿಸುವ ನಾಲ್ಕು ಅಂಶಗಳ ಪುಟ್ಟ ಮ್ಯಾಟ್ರಿಕ್ಸ್ ಕೊಡುತ್ತದೆ. ಅದನ್ನೇ ಎ[[0,2],[0,2]] ಎಂದು ತಂದರೆ ನಂಪೈ ಜೋಡಿ ಜೋಡಿಯಾಗಿ ಓದಿ ಎರಡೇ ಅಂಶ ಕೊಡುತ್ತದೆ. ನಾಲ್ಕೂ ಬೇಕಿದ್ದರೆ ಐಎಕ್ಸ್ (ix_) ಎಂಬ ಫಂಕ್ಷನ್ ಬಳಸಿ. ಇನ್ನೊಂದು: ಬಿ = ಎ[0:3] ಎಂದು ಬರೆದು ಬಿಯನ್ನು ತಿದ್ದಿದರೆ ಎ ಕೂಡ ಬದಲಾಗುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಹಾಗಾಗದು. ಬೇಕಾದಲ್ಲಿ ಕಾಪಿ ಮಾಡಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಅಂಶ ಉದುರಿದ ಜಾಗಗಳು ಹನ್ನೊಂದು ಸಿಕ್ಕವು. ನಕ್ಷೆಯ ಎಡತುದಿಯಲ್ಲಿ ನನಗೂ ಒಂದು ಮೊಳೆ ಇದೆ.