ವೆಲ್ಸ್ ಪುಸ್ತಕದಿಂದ ಶುರು ಮಾಡಲಾ, ಫೆದರ್‌ಸ್ಟೋನ್‌ದರಿಂದಲಾ?

ಡಬ್ಬಿಸೈನ್ಯ:
ಅಕ್ಕನ ಮಗನಿಗೆ ಹನ್ನೊಂದು ವರ್ಷ. ಒಂದು ಡಬ್ಬಿ ತುಂಬ ಪ್ಲಾಸ್ಟಿಕ್ ಸಿಪಾಯಿಗಳಿವೆ, ಸಾಲಾಗಿ ನಿಲ್ಲಿಸುತ್ತಾನೆ, ಬೀಳಿಸುತ್ತಾನೆ, ಅಷ್ಟೇ. ನಿಯಮ ಇರುವ ಆಟ ಆಡಿಸೋಣ ಅಂತ ಹುಡುಕಿದಾಗ ಎಚ್.ಜಿ. ವೆಲ್ಸ್ ಆಟಿಕೆ ಸಿಪಾಯಿಗಳ ಯುದ್ಧದಾಟದ ಬಗ್ಗೆ 1913ರಲ್ಲಿ ಬರೆದ 'ಲಿಟ್ಲ್ ವಾರ್ಸ್' ನೆಟ್‌ನಲ್ಲಿ ಪುಕ್ಕಟೆ ಸಿಕ್ಕಿತು. ಹೌದು, 'ಟೈಮ್ ಮಷೀನ್' ಕಾದಂಬರಿಯ ವೆಲ್ಸೇ! ಆದರೆ ಈ ಹವ್ಯಾಸದವರೆಲ್ಲ ಇದೇ ಆಟದ ಮೇಲೆ ಬರೆದ ಡೊನಾಲ್ಡ್ ಫೆದರ್‌ಸ್ಟೋನ್ ಅಂತಾರಲ್ಲ, ಯಾಕೆ? ಶುರು ಯಾವುದರಿಂದ ಮಾಡಲಿ?

ಹಳೇಪ್ರತಿ:
ಕಣ್ಣು ಮುಚ್ಚಿಕೊಂಡು ವೆಲ್ಸ್ ತಗೊಳ್ಳಿ. ಯುದ್ಧದಾಟ ಅವರು ಕಂಡುಹಿಡಿದಿದ್ದಲ್ಲ. ಪ್ರಶ್ಯಾದ ಸೇನಾಧಿಕಾರಿಗಳು 1824ರ ಹೊತ್ತಿಗೇ ನಕ್ಷೆ ಹರಡಿಕೊಂಡು 'ಕ್ರೀಗ್‌ಶ್ಪೀಲ್' ಆಡುತ್ತಿದ್ದರು, ಆದರೆ ಅದು ಡ್ಯೂಟಿ, ತರಬೇತಿ. ಅದನ್ನು ಮನೆಯ ನೆಲಕ್ಕೆ ಇಳಿಸಿ ಮಜಾ ಮಾಡಿದ್ದು ವೆಲ್ಸ್. ಶುರುವಾಗಿದ್ದೂ ತಮಾಷೆಯಾಗಿ. ಸ್ಯಾಂಡ್‌ಗೇಟ್‌ನ ಅವರ ಮನೆಯಲ್ಲಿ ಊಟ ಆದಮೇಲೆ ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಮಕ್ಕಳ ಆಟದ ತೋಪು ಎತ್ತಿಕೊಂಡು ಸಿಪಾಯಿಗೆ ಗುರಿಯಿಟ್ಟರು. ಸ್ಪ್ರಿಂಗ್ ತೋಪು, ಒಂದಿಂಚಿನ ಮರದ ಗುಂಡು ಹಾರಿಸುತ್ತೆ. ಅಲ್ಲಿಂದ ದೊಡ್ಡವರಿಗೇ ಹುಚ್ಚು ಹಿಡಿಯಿತು. ಮೊದಮೊದಲು ಎನ್‌ಸೈಕ್ಲೋಪೀಡಿಯಾ ಸಂಪುಟಗಳನ್ನೇ ಊರು ಮಾಡಿ ಜೋಡಿಸುತ್ತಿದ್ದರಂತೆ!

ನಿಯಮಗಳೂ ಸಲೀಸು. ಒಂದು ಸರದಿಗೆ ಕಾಲಾಳು ಒಂದು ಅಡಿ, ಕುದುರೆ ಎರಡು ಅಡಿ ಮುಂದೆ ಹೋಗಬಹುದು. ತೋಪಿನ ಹತ್ತಿರ ನಾಲ್ಕು ಜನ ಇದ್ದರೆ ಮಾತ್ರ ಹಾರಿಸಬಹುದು. ದಾಳ ಇಲ್ಲ, ಗುಂಡು ತಾಗಿ ಬಿದ್ದವನು ಸತ್ತ. ಮಧ್ಯೆ ಪರದೆ ಕಟ್ಟಿಕೊಂಡು ಎರಡೂ ಕಡೆಯವರು ಸೈನ್ಯ ಇಡ್ತಾರೆ, ಆಮೇಲೆ ಪರದೆ ತೆಗೀತಾರೆ. ನನಗಂತೂ ಪೂರ್ತಿ ಪುಸ್ತಕದಲ್ಲಿ ಅದೇ ಇಷ್ಟ.

ದಾಳಉರುಳು:
ಸಾರ್, ಪುಸ್ತಕ ಚೆನ್ನಾಗಿದೆ ನಿಜ, ಆದರೆ ಮುಂದಿನ ವರ್ಷವೇ ಮಹಾಯುದ್ಧ ಬಂತು. ಆಟ ಸಾಯಲಿಲ್ಲ, ಆದರೆ ಆಡುವವರು ಅಲ್ಲೊಬ್ಬರು ಇಲ್ಲೊಬ್ಬರು. ಅವರನ್ನು ಒಂದುಗೂಡಿಸಿದ ಮುಖ್ಯ ಮನುಷ್ಯ ಫೆದರ್‌ಸ್ಟೋನ್. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದವರು, ಆಮೇಲೆ ಸೌತಾಂಪ್ಟನ್ ಫುಟ್‌ಬಾಲ್ ತಂಡಕ್ಕೆ ಫಿಸಿಯೋಥೆರಪಿಸ್ಟ್. 1962ರಲ್ಲಿ 'ವಾರ್ ಗೇಮ್ಸ್' ಬರೆದರು, ಅದೇ ವರ್ಷ ಒಂದು ಪುಟ್ಟ ಮಾಸಪತ್ರಿಕೆ ಶುರು ಮಾಡಿ 1980ರವರೆಗೂ ನಡೆಸಿದರು. ಟಪಾಲಿನಲ್ಲಿ ಬರುತ್ತಿದ್ದ ಆ ಪತ್ರಿಕೆಯಿಂದ ತಾನೇ, ತನ್ನಂಥ ಹುಚ್ಚರು ಇನ್ನೂ ಇದ್ದಾರೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದು?

ಇನ್ನೊಂದು ವಿಷಯ ದುಡ್ಡಿನದ್ದು. ವೆಲ್ಸ್ ಕಾಲದಲ್ಲಿ ಬ್ರಿಟನ್ಸ್ ಕಂಪನಿಯ ಸೀಸದ ಸಿಪಾಯಿಗಳು, 54 ಮಿ.ಮೀ. ಎತ್ತರ. ಅದರಲ್ಲಿ ಸೈನ್ಯ ಕಟ್ಟೋಕೆ ಜೇಬು ಗಟ್ಟಿ ಇರಬೇಕು, ಜಾಗವೂ ಬೇಕು. ಫೆದರ್‌ಸ್ಟೋನ್ ಬರೆಯುವ ಹೊತ್ತಿಗೆ ಏರ್‌ಫಿಕ್ಸ್‌ನ ಪುಟಾಣಿ ಪ್ಲಾಸ್ಟಿಕ್ ಸಿಪಾಯಿಗಳು ಅಗ್ಗಕ್ಕೆ ಬಂದಿದ್ದವು, ಊಟದ ಟೇಬಲ್ ಮೇಲೇ ಆಡಬಹುದಿತ್ತು. ನಿಯಮ ನಿಮಗೆ ಸರಿ ಅನ್ನಿಸಲಿಲ್ವಾ, ನೀವೇ ಬದಲಾಯಿಸಿಕೊಳ್ಳಿ ಅನ್ನೋ ಧೋರಣೆ ಅವರದ್ದು. ಅದರಿಂದಲೇ ಹವ್ಯಾಸ ಬೆಳೆದಿದ್ದು ಅಂತ ನನ್ನ ಲೆಕ್ಕ.

ಕ್ಯಾಥರೀನ್‌ಪರ:
ನೀವಿಬ್ಬರೂ ವೆಲ್ಸ್ ಪುಸ್ತಕದ ಪೂರ್ತಿ ಹೆಸರು ಓದಿದ್ದೀರಾ? ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗೆ, ಜೊತೆಗೆ ಹುಡುಗರ ಆಟ ಇಷ್ಟಪಡುವಷ್ಟು 'ಜಾಣ' ಹುಡುಗಿಯರಿಗೂ ಅಂತೆ. ನಗು ಬರುತ್ತೆ, ಸಿಟ್ಟೂ ಬರುತ್ತೆ. ಅದರ ಫೋಟೋಗಳನ್ನು ತೆಗೆದಿದ್ದು ಅವರ ಹೆಂಡತಿ ಕ್ಯಾಥರೀನ್!

ಆದರೂ ಕೊನೆಯ ಭಾಗ ಬಿಡಬೇಡಿ. ಮೂರು ನಾಲ್ಕು ಸಲ ಈ ಆಟ ಆಡಿದರೆ ಸಾಕು, ನಿಜವಾದ ಯುದ್ಧ ಎಂಥ ಎಡವಟ್ಟು ಅಂತ ಅರ್ಥವಾಗುತ್ತೆ ಅಂತಾರೆ ವೆಲ್ಸ್. 1913ರಲ್ಲಿ! ಹುಡುಗನಿಗೆ ಅದನ್ನೂ ಓದಿ ಹೇಳಿ.

ಡಬ್ಬಿಸೈನ್ಯ:
ನಿನ್ನೆ ವೆಲ್ಸ್ ಲೆಕ್ಕದಲ್ಲೇ ಆಡಿದೆವು. ತೋಪು ಇರಲಿಲ್ಲ, ರಬ್ಬರ್ ಬ್ಯಾಂಡ್. ಅಮ್ಮನ ಹಳೇ ಸೀರೆ ಪರದೆಯಾಯಿತು. ಸಮಬಲದವರು ಕೈಕೈ ಮಿಲಾಯಿಸಿದರೆ ಎರಡೂ ಕಡೆಯವರು ಸಾಯ್ತಾರೆ ಅನ್ನೋ ನಿಯಮಕ್ಕೆ ಹುಡುಗ ಅರ್ಧ ಗಂಟೆ ಜಗಳ ಆಡಿದ, ಕೊನೆಗೆ ದಾಳ ತಂದು ತಾನೇ ಒಂದು ನಿಯಮ ಮಾಡಿದ. ದಾಳಉರುಳು ಅವರೇ, ನಿಮ್ಮ ಕಡೆಗೆ ಒಬ್ಬ ಸಿಕ್ಕಿದ.